ಟಬ್ಬಿನ ಮೇಲಿನ ಕೈ

ಪಿಂಪ್ರಿಯ ರೈಲು ಹಳಿಗಳ ಹಿಂದಿನ ಓಣಿಗೆ ಸೊಸೆಯಾಗಿ ಬಂದ ದಿನ ಬೋರಮ್ಮನ ಅತ್ತೆ ಅವಳಿಗೆ ಅಕ್ಕಿ, ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದ್ದಳು. ಕೊನೆಗೆ ಕಿವಿಯ ಹತ್ತಿರ ಬಾಗಿ, "ದಿಗಂಬರ ಶೇಠನ ಅಂಗಡಿ ಟಬ್ಬು ಇನ್ನ ನಿಂದವ್ವಾ" ಎಂದಿದ್ದಳು. ಬಂಗಾರ ಇಲ್ಲದ ಮನೆಯಲ್ಲಿ ಅದೇ ಬಂಗಾರ.

ವಿಜಯಪುರದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರೆಲ್ಲ ಹಂದಿ ಸಾಕುವವರು. ಕೋಳಿ ಅಂಗಡಿಯ ಕರುಳು, ತಲೆ, ಕಾಲು ಬೀಳುವ ನೀಲಿ ಪ್ಲಾಸ್ಟಿಕ್ ಟಬ್ಬುಗಳೇ ಆ ಹಂದಿಗಳ ಊಟ. ಯಾವ ಅಂಗಡಿಯ ಟಬ್ಬು ಯಾವ ಮನೆಗೆ ಎಂಬುದು ಹಿರಿಯರ ಕಾಲದಲ್ಲೇ ಹಂಚಿಹೋಗಿತ್ತು. ಓಣಿಯ ಕಟ್ಟಳೆ ಒಂದೇ. ಮಧ್ಯಾಹ್ನ ಕಾರ್ಖಾನೆಯ ಭೋಂಗಾ ಕೂಗುವುದರೊಳಗೆ ಆ ಮನೆಯವರ ಕೈ ಟಬ್ಬಿನ ಮೇಲಿರಬೇಕು. ಕೈ ಇರುವ ತನಕ ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ. ಕೈ ಇಲ್ಲದಿದ್ದರೆ, ಆವತ್ತಿನಿಂದ ಅದು ಮೊದಲು ಎತ್ತಿದವಳದು. ತಾಯಿ ತೀರಿಕೊಂಡ ಸುದ್ದಿ ಬಂದ ದಿನವೂ ಬೋರಮ್ಮ ಮೊದಲು ಟಬ್ಬು ಹೊತ್ತು ತಂದು ಸುರಿದು, ಆಮೇಲೆ ಬಸ್ಸು ಹತ್ತಿದ್ದಳು.

ಹೊಲಸೆಲ್ಲ ಹೀಗೆ ಪುಕ್ಕಟೆ ಸಾಗಿಹೋಗುತ್ತಿದ್ದುದರಿಂದ ದಿಗಂಬರನ ಅಂಗಡಿ ಚೊಕ್ಕವಾಗಿರುತ್ತಿತ್ತು. ಅದನ್ನು ಅವನು ಬೋರಮ್ಮನಿಗೆ ತಾನು ಮಾಡುವ ಉಪಕಾರ ಎಂದು ಗಿರಾಕಿಗಳೆದುರು ಹೇಳಿಕೊಳ್ಳುತ್ತಿದ್ದ.

ಹೋಳಿ ಕಳೆದ ಮೇಲೊಂದು ದಿನ ಟಬ್ಬಿನಲ್ಲಿ ಇಡೀ ಕೋಳಿಗಳು ಬಿದ್ದಿದ್ದವು. ಕುತ್ತಿಗೆ ಕೊಯ್ದ ಗುರುತಿಲ್ಲ. ಮುಖ ಊದಿಕೊಂಡಿತ್ತು, ಜುಟ್ಟು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಶೇಠ, ಇವು ತಾವಾಗೇ ಸತ್ತ ಕೋಳಿ ಅಲ್ಲೇನ್ರಿ?"

"ಉನ್ಹಾಳಾ ಆಹೇ ಬಾಯಿ," ಎಂದ ದಿಗಂಬರ. ಬೇಸಿಗೆಯಂತೆ. ಕೋಳಿ ಫಾರ್ಮೂ ಅವನದೇ. ಆ ಸುತ್ತಿನ ಅಂಗಡಿಗಳಿಗೆಲ್ಲ ಕೋಳಿ ಬರುವುದು ಅಲ್ಲಿಂದಲೇ. ವ್ಯಾಪಾರಕ್ಕೆಂದು ಕಲಿತ ಕನ್ನಡಕ್ಕೆ ಹೊರಳಿ ಅಂದ: "ಮನಷ್ಯಾರು ತಿಂತಾರೇನ ಇದನ್ನ? ಹಂದಿ ತಿಂತಾವ. ಬ್ಯಾಡಾದ್ರ ಬಿಡು. ಹಿಂದ ನೋಡು, ನಿಮ್ಮವರೇ ನಿಂತಾರ."

ಹಿಂದೆ ಓಣಿಯ ಇಬ್ಬರು ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಕಾಯುತ್ತಿದ್ದರು. ಬೋರಮ್ಮ ಟಬ್ಬು ಎತ್ತಿದಳು.

ಮನೆಯಲ್ಲಿ ಗಂಡ ಸಂಕಪ್ಪ ಜ್ವರ ಬಂದು ಮಲಗಿದ್ದ. ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವನು ಕಸ ಹೊಡೆಯುವವ. ಅಲ್ಲಿ ಎಲ್ಲರಿಗೂ ಕೆಮ್ಮು. ತಗಡಿನ ಮನೆಯ ಧಗೆ ತಾಳದೆ ಹಂದಿಗೂಡಿನ ನೆರಳಿನಲ್ಲೇ ಹಾಸಿಕೊಂಡಿದ್ದ. ಕೆಮ್ಮುತ್ತಲೇ ಕರಿಹಂದಿಗೆ ತನ್ನ ಗಂಜಿಯ ತಳ ತಿನ್ನಿಸುತ್ತಿದ್ದ.

"ನಿನ್ನ ನೋಡಿ ಅದೂ ಕೆಮ್ಮಾಕ ಕಲಿಯಾಕತ್ತದ," ಎಂದು ಬೋರಮ್ಮ ಗದರಿದಳು.

"ಕಲೀಲಿ ಬಿಡು. ನಿನಗಿಂತ ಭಾಳ ಮಾತು ಕೇಳ್ತದ."

ಅವಳು ಅವರಿಬ್ಬರ ನಡುವೆ ಟಬ್ಬು ಬೋರಲು ಹಾಕಿದಳು.

ಸಂಕಪ್ಪನ ಜ್ವರ ಇಳಿಯಿತು, ಕೆಲಸಕ್ಕೂ ಹೋದ. ಆಮೇಲೆ ಕರಿಹಂದಿ ಮೇವು ಬಿಟ್ಟಿತು, ಮರಿಗಳು ಮೂಗು ಸೋರಿಸುತ್ತ ಸತ್ತವು. ಸತ್ತ ಮರಿಗಳನ್ನು ಬರಿಗೈಯಲ್ಲಿ ಎತ್ತಿ ಹೂಳಿದವನು ಸಂಕಪ್ಪನೇ. ಅವನಿಗೆ ಎರಡನೆಯ ಜ್ವರ ಬಂತು. ಈ ಜ್ವರ ಅವನ ಉಸಿರಿನ ಮೇಲೇ ಕೂತಿತು. ದೊಡ್ಡಾಸ್ಪತ್ರೆಯಲ್ಲಿ ಬಾಯಿಗೆ ಕೊಳವೆ ಹಾಕಿ ಗಾಜಿನ ಬಾಗಿಲ ಆಚೆ ಮಲಗಿಸಿದರು.

ಓಣಿಗೆ ಪ್ರಯೋಗಾಲಯದ ಜೀಪು ಬಂತು. ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡ ಹುಡುಗಿಯೊಬ್ಬಳು ಕರಿಹಂದಿಯ ಮೂಗಿಗೆ ಹತ್ತಿಕಡ್ಡಿ ತೂರಿಸಿ ತೆಗೆದು, ಬೋರಮ್ಮನ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ಹೆಸರು ಶರಣ್ಯಾ, ಊರು ಮೈಸೂರು.

"ನಿಮ್ಮೆಜಮಾನರ ಸ್ಯಾಂಪಲ್‌ನಲ್ಲಿ ಸಿಕ್ಕಿರೋ ವೈರಸ್ ಹೊಸದು ಅಮ್ಮ. ಸ್ವಲ್ಪ ಮನುಷ್ಯರ ಫ್ಲೂದು, ಸ್ವಲ್ಪ ಕೋಳಿ ಫ್ಲೂದು. ಫ್ಲೂ ವೈರಸ್ ಒಳಗೆ ಎಂಟು ತುಂಡು ಇರುತ್ತೆ. ಹಂದಿಗೆ ಎರಡೂ ಥರದ್ದು ತಗಲುತ್ತೆ. ಒಟ್ಟಿಗೆ ತಗಲಿದ್ರೆ ಒಳಗೆ ಆ ತುಂಡುಗಳು ಅದಲು ಬದಲಾಗಿ ಬೇರೇನೇ ಒಂದು ಹುಟ್ಟಿಬಿಡುತ್ತೆ."

"ಎರಡು ಮನಿ ಭಾಂಡೆ-ಪಾತ್ರಿ ಒಂದ ಮದವಿಗೆ ಹೋಗಿ ಬಂದಂಗ," ಎಂದಳು ಬೋರಮ್ಮ. "ಅವರ ತಾಟು ಇವರ ಚೀಲದಾಗ."

"ಹ್ಞೂಂ, ಹಾಗೇನೇ." ಶರಣ್ಯಾ ನಗಲಿಲ್ಲ. "ಮನುಷ್ಯರದ್ದು ನಿಮ್ಮೆಜಮಾನರ ಮೊದಲನೇ ಜ್ವರದಿಂದ ಬಂದಿರಬೇಕು. ಕೋಳಿದು ಎಲ್ಲಿಂದ ಬಂತು? ಅದನ್ನ ಹೇಳಿ. ಆ ಜಾಗ ಮುಚ್ಚಿಸ್ದೇ ಇದ್ರೆ ಇದು ಇನ್ನೊಬ್ಬರಿಗೆ ಬರುತ್ತೆ."

ಬಾಗಿಲಲ್ಲಿ ಓಣಿಯ ಹೆಂಗಸರು ನಿಂತಿದ್ದರು. ಎಲ್ಲರಿಗಿಂತ ಮುಂದೆ ಮುನಿಯಮ್ಮ, ಓಣಿಗೇ ಹಿರಿಯಳು. ಅವಳ ಕಣ್ಣು ಬೋರಮ್ಮನ ಮೇಲೇ ಇತ್ತು. ಆ ಒಂದು ಫಾರ್ಮು ಮುಚ್ಚಿದರೆ ಓಣಿಯ ಟಬ್ಬುಗಳೆಲ್ಲ ಬರಿದಾಗುತ್ತವೆ ಎಂದು ಬೋರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಊರೆಲ್ಲ ತಿರಗೋ ಹಂದಿ ನಮ್ಮವು. ಎಲ್ಲಿ ಏನ ತಿಂದ್ವೋ ಯಾರಿಗ್ಗೊತ್ರೀ," ಎಂದಳು.

ಶರಣ್ಯಾ ಬೋರಮ್ಮನ ಮೊಬೈಲು ಇಸಿದುಕೊಂಡು ತನ್ನ ನಂಬರು ಹಾಕಿಕೊಟ್ಟಳು. "ನೆನಪಾದ್ರೆ ಫೋನ್ ಮಾಡಿ."

ಟಬ್ಬು ಉಳಿಯಿತು. ಬೇರೇನೂ ಉಳಿಯಲಿಲ್ಲ. ಓಣಿಯ ಬೇರೆಯವರು ತಮ್ಮ ಹಂದಿಗಳನ್ನು ಮೊದಲೇ ನದಿಯ ಆಚೆಗೆ ಅಟ್ಟಿದ್ದರು. ಪಾಲಿಕೆಯವರು ಬಂದು ಬೋರಮ್ಮನ ಹಂದಿಗಳನ್ನೆಲ್ಲ ಕೊಂದು ಗೂಡನ್ನು ಖಾಲಿ ಮಾಡಿದರು. ಪರಿಹಾರದ ಮಾತೆತ್ತಿದರೆ ಸಾಹೇಬನಿಗೆ ನಗು ಬಂತು. ಕೋಳಿಯಾಗಿದ್ದರೆ ಸರಕಾರ ಕೊಡುತ್ತದೆ, ಲೈಸೆನ್ಸಿಲ್ಲದ ಹಂದಿಗೆ ಯಾರು ಕೊಡುತ್ತಾರೆ? ಪೇಪರಿನಲ್ಲಿ ಓಣಿಯ ಫೋಟೋ ಬಂತು, ಫಾರ್ಮಿನದು ಬರಲಿಲ್ಲ. ಕಿರಾಣಿ ಅಂಗಡಿಯವನು ಚಹಾಪುಡಿಯ ಪೊಟ್ಟಣವನ್ನು ದೂರದಿಂದ ಎಸೆದ. ಹಂದಿಯವರು ರೋಗ ತಂದರು ಎಂದು ಊರೇ ಆಡಿಕೊಂಡಿತು. ರೋಗ ಬರುವ ಮೊದಲೂ ಕಿರಾಣಿಯವನು ಎಸೆದೇ ಕೊಡುತ್ತಿದ್ದ. ಈಗ ಅದಕ್ಕೊಂದು ವಿಜ್ಞಾನದ ಕಾರಣ ಸಿಕ್ಕಿತ್ತು, ಅಷ್ಟೇ.

ಸಂಕಪ್ಪ ಸತ್ತ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು, ಮುಖ ಬಿಚ್ಚಲು ಬಿಡಲಿಲ್ಲ. ಬೋರಮ್ಮ ಪಾದದ ಕಡೆ ತಡವಿ, ಒಡೆದ ಹಿಮ್ಮಡಿ ಕೈಗೆ ಸಿಕ್ಕ ಮೇಲೆಯೇ ಅವನೆಂದು ಒಪ್ಪಿಕೊಂಡಳು.

ಹಂದಿಯಿಲ್ಲದವಳಿಗೆ ಟಬ್ಬು ಏಕೆ? ಮುನಿಯಮ್ಮ ಬಂದು ಬಾಗಿಲಲ್ಲಿ ಕೂತಳು. "ನಾ ಕೇಳಬಾರದು ಬೋರಿ. ಆದ್ರ ನಂದೊಂದ ಟಬ್ಬು ಸಾಲದ ನನ್ನ ಹಂದಿ ಉಪಾಸ ಅದಾವ. ನೀನಾ ನಿಂತು ಕೈ ಬಿಟ್ಟುಕೊಡು, ಎಲ್ಲಾರೂ ನೋಡೂಹಂಗ."

ಬೋರಮ್ಮ ಒಪ್ಪಿದಳು. ಮರುದಿನ ಇಬ್ಬರೂ ಕೂಡಿಯೇ ಹೋದರು. ದಿಗಂಬರನ ಅಂಗಡಿಯ ಮುಂದೆ ಹೊಸ ಬೋರ್ಡು ತೂಗುತ್ತಿತ್ತು: ಹಂದಿ ಸಾಕುವವರಿಗೆ ಒಳಗೆ ಪ್ರವೇಶವಿಲ್ಲ. ಟಬ್ಬು ಮಾತ್ರ ಹಿಂದಿನ ಬಾಗಿಲಲ್ಲಿ ಎಂದಿನಂತೆ ಅವರಿಗಾಗಿ ಕಾಯುತ್ತಿತ್ತು. ಬೋರಮ್ಮ ಕೈಯಿಟ್ಟಳು. ಮುಚ್ಚಿದ್ದ ಗೋಣಿಚೀಲ ಜಾರಿತು. ಊದಿದ ಮುಖಗಳು, ಬದನೆಕಾಯಿ ಬಣ್ಣದ ಜುಟ್ಟು.

"ಬಿಡು ಈಗ," ಎಂದಳು ಮುನಿಯಮ್ಮ.

ಬೋರಮ್ಮ ಬಿಡಲಿಲ್ಲ. ಎಡಗೈಯಲ್ಲಿ ಮೊಬೈಲು ತೆಗೆದು ಶರಣ್ಯಾಳ ನಂಬರು ಒತ್ತಿದಳು. "ಎಲ್ಲಿಂದ ಬಂತು ಅಂತ ಕೇಳಿದ್ರಲ್ಲ ಬಾಯಿ. ಶೇಠನ ಅಂಗಡಿ ಹಿಂದ ಬರ್ರಿ. ನನ್ನ ಕೈಯಾಗ ಅದ."

ಆ ಮಾತು ಕೇಳಿ ದಿಗಂಬರ ಹೊರಗೆ ಓಡಿ ಬಂದ. "ಎತ್ರೀ ಅದನ್ನ! ಮುನಿಯಮ್ಮ, ನೀ ಎತ್ತು! ಇವತ್ತಿನಿಂದ ನಿಂದು!"

ಮುನಿಯಮ್ಮ ಸಿಂಬಿ ಸರಿಮಾಡಿಕೊಂಡು ಎರಡು ಹೆಜ್ಜೆ ಬಂದು ನಿಂತುಬಿಟ್ಟಳು. "ಕೈ ಅದಲ್ರೀ ಶೇಠ," ಎಂದಳು.

"ಏನ್ ಕೈ? ಅಂಗಡಿ ನಂದು, ಟಬ್ಬು ನಂದು!"

"ಹಂಗಾರ ನೀವಾ ಎತ್ರಿ," ಎಂದಳು ಬೋರಮ್ಮ.

ದಿಗಂಬರ ಟಬ್ಬಿನ ತನಕ ಬಂದ. ಇಷ್ಟು ವರ್ಷದಲ್ಲಿ ಅವನಾಗಲಿ, ಕೋಳಿ ಕೊಯ್ಯುವ ಅವನ ಆಳುಗಳಾಗಲಿ ಅದರ ಅಂಚನ್ನೂ ಮುಟ್ಟಿದವರಲ್ಲ. ಅದು ಈ ಹೆಂಗಸರ ತಲೆಯ ವಸ್ತು. ಅವನು ಕೈ ಚಾಚಿದ, ಮೂಗು ಸಿಂಡರಿಸಿದ, ಕೈ ಹಿಂದಕ್ಕೆಳೆದುಕೊಂಡ. ಆಳುಗಳ ಕಡೆ ನೋಡಿದ. ಅವರು ಮುಖ ತಿರುಗಿಸಿಕೊಂಡು ತಮ್ಮ ಪಾಡಿಗೆ ಚಾಕು ಮಸೆಯತೊಡಗಿದರು. ತಾನು ಕಟ್ಟಿಕೊಂಡ ಮಡಿಯ ಬೇಲಿಯೊಳಗೆ ಶೇಠ ತಾನೇ ಸಿಕ್ಕಿಬಿದ್ದಿದ್ದ.

ಭೋಂಗಾ ಕೂಗಿತು. ಕೈ ಟಬ್ಬಿನ ಮೇಲೇ ಇತ್ತು. ನೊಣ ಮುತ್ತಿದವು, ಗಿರಾಕಿಗಳು ಸೆರಗು, ಕರವಸ್ತ್ರ ಮೂಗಿಗೊತ್ತಿಕೊಂಡು ತಿರುಗಿ ಹೋದರು.

ಜೀಪು ಬಂತು. ಶರಣ್ಯಾ ಗವಸು ಏರಿಸಿಕೊಂಡು ಟಬ್ಬಿನ ಮುಂದೆ ಮಂಡಿಯೂರಿದಳು. "ಇನ್ನು ಕೈ ತೆಗೀಬಹುದು ಅಮ್ಮ. ಸೋಪು ಹಾಕಿ ತೊಳ್ಕೊಳ್ಳಿ."

ದಿಗಂಬರ ಆಗಲೇ ಮೂಲೆಯಲ್ಲಿ ಫೋನು ಹಿಡಿದು, ಫಾರ್ಮಿನ ಕೋಳಿಗಳನ್ನು ಸರಕಾರವೇ ಕೊಲ್ಲಿಸಿದರೆ ಪರಿಹಾರ ಯಾವ ಕಚೇರಿಯಲ್ಲಿ ಸಿಗುತ್ತದೆ ಎಂದು ಯಾರನ್ನೋ ಮರಾಠಿಯಲ್ಲಿ ವಿಚಾರಿಸುತ್ತಿದ್ದ.

"ಓಣಿ ಹೊಟ್ಟಿ ಮ್ಯಾಲ ಹೊಡದ್ಯಲ್ಲಾ ಬೋರಿ," ಎಂದಳು ಮುನಿಯಮ್ಮ. ಅವಳ ಕಣ್ಣಲ್ಲಿ ನೀರಿತ್ತು.

"ಹೊಡದೆ ಯವ್ವಾ. ಈ ಬಾಯಿ ಮನಿಗೆ ಬಂದು ಕೇಳಿದ ದಿನಾನ ಹೊಡೀಬೇಕಿತ್ತು."

ಬೋರಮ್ಮ ಕೈ ತೆಗೆದಳು. ಅಂಗಡಿಯ ನಲ್ಲಿಯ ಕಡೆ ಹೊರಟವಳು ಬೋರ್ಡು ಕಂಡು ನಿಂತಳು. ಆಮೇಲೆ ಅದರ ಕೆಳಗೇ ಹಾದು ಒಳಗೆ ಹೋಗಿ, ಶೇಠ ಕೋಳಿ ತೂಗುವ ತಕ್ಕಡಿಯ ಪಕ್ಕದ ನಲ್ಲಿ ತಿರುಗಿಸಿ, ಯಾರ ಮುಖವನ್ನೂ ನೋಡದೆ, ಎರಡೂ ಕೈ ತೊಳೆಯುತ್ತ ನಿಂತಳು.