ಮುಂದಿನ ಸಾಲಿನ ಬಲತುದಿ

ನೇತ್ರಾವತಿಗೆ ಕೋಪ ಬಂದರೆ ಕೂಗಾಡುವ ಅಭ್ಯಾಸವಿರಲಿಲ್ಲ. ಸೊಂಟದ ಕಪ್ಪು ಬೆಲ್ಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಆ ಶುಕ್ರವಾರ ಸಂಜೆ ಸುಬ್ಬಯ್ಯನವರ ಜಗಲಿಯ ಮುಂದೆ ನಿಂತು ಅವಳು ಅದನ್ನು ಮೂರು ಸಲ ಬಿಚ್ಚಿ ಕಟ್ಟಿದಳು.

"ನಾನೇನು ಆಕಾಶ ಕೇಳ್ತಿಲ್ಲ ಕಣಮ್ಮ," ಅಂದರು ಸುಬ್ಬಯ್ಯ. ಬೆಳಗೋಡಿನ ಹತ್ತಿರ ನೂರಿಪ್ಪತ್ತು ಎಕರೆ ಕಾಫಿ ತೋಟದ ಯಜಮಾನರು ಅವರು. "ಭಾನುವಾರ ನಿಮ್ಮ ಬೆಲ್ಟ್ ಪರೀಕ್ಷೆ ನೋಡೋಕೆ ನಾಕು ಜನ ಪ್ಲಾಂಟರುಗಳು ಬತ್ತಾವ್ರೆ. ನಮ್ಮ ಚೈತ್ರಶ್ರೀ ಮುಂದೆ ನಿಂತ್ಕಳ್ಳಿ. ಆ ಮುನಿಯಮ್ಮನ ಹುಡುಗಿ ಹಿಂದಕ್ಕೆ ಹೋಗ್ಲಿ. ಒಂದು ದಿನದ ಮಾತು."

"ಆಗಲ್ಲ ಸಾರ್."

"ಯಾಕಾಗಲ್ಲ?"

"ಗಂಗಾಮಣಿದು ನೀಲಿ ಬೆಲ್ಟು. ಚೈತ್ರಶ್ರೀದು ಹಳದಿ. ಮೇಲಿನ ಬೆಲ್ಟಿನವರು ಮುಂದಿನ ಸಾಲಿನ ಬಲತುದೀಲಿ ನಿಲ್ಬೇಕು. ಅವರು ಹೇಳಿದ ಮೇಲೆ ಮಿಕ್ಕೋರು ಬಾಗ್ಬೇಕು. ಅದು ನಾನು ಮಾಡಿದ ಕಾನೂನಲ್ಲ."

"ಹಂಗಾದ್ರೆ ನನ್ನ ಕಣದಲ್ಲಿ, ನನ್ನ ಕೂಲಿ ಲೈನಲ್ಲಿರೋ ಹುಡುಗಿ ಹೇಳಿದ್ದಕ್ಕೆ ನನ್ನ ಮಗಳು ತಲೆ ಬಗ್ಗಿಸ್ಬೇಕು."

"ಗಂಗಾಮಣಿಯೂ ವಾಪಸ್ಸು ಬಗ್ಗಿಸ್ತಾಳೆ ಸಾರ್. ಇಬ್ಬರದೂ ಸಮ."

ಸುಬ್ಬಯ್ಯನವರು ಲೋಟದ ತಳದ ಕಾಫಿಯನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದರು. ಮಾತು ಮುಗಿಯಿತು ಎಂದು ಆ ಮನೆಯಲ್ಲಿ ಹೇಳುವ ರೀತಿ ಅದು.

ಬಾಳ್ಳುಪೇಟೆಯ ಹೆದ್ದಾರಿ ಬದಿಯ ದಿನಸಿ ಅಂಗಡಿ ಶಾಂತಮಲ್ಲಪ್ಪನ ಮಗಳು ನೇತ್ರಾವತಿ. ಹಾಸನದಲ್ಲಿ ಕಾಲೇಜು ಓದುವಾಗ ವೀರಭದ್ರಯ್ಯ ಮಾಸ್ಟರ ಹತ್ತಿರ ಟೇಕ್ವಾಂಡೋ ಕಲಿತು ಕಪ್ಪು ಬೆಲ್ಟಿನೊಂದಿಗೆ ಊರಿಗೆ ಮರಳಿದವಳು. ಊರಿನವರ ಬಾಯಲ್ಲಿ ಅದು ಕೊನೆಯವರೆಗೂ ಕರಾಟೆಯಾಗಿಯೇ ಉಳಿಯಿತು. "ಕರಾಟೆ ಜಪಾನಿಂದು, ಇದು ಕೊರಿಯಾದ್ದು" ಎಂದು ಅವಳು ಅಂಗಡಿಗೆ ಬೆಲ್ಲ ಕೊಳ್ಳಲು ಬಂದವರಿಗೂ ಬಿಡಿಸಿ ಹೇಳಿ ಸಾಕಾಗಿ ಹೋಗಿದ್ದಳು. ನೋಡಲು ಬಂದ ಎರಡು ಗಂಡುಗಳು ಒದೆಯುವ ಹುಡುಗಿ ಬೇಡವೆಂದು ಹಿಂದಿರುಗಿದಾಗ ತಾಯಿ ವಿಶಾಲಮ್ಮ ಮೂರು ದಿನ ಅತ್ತಳು. "ಒದೆ ತಿನ್ನೋ ಯೋಗ್ಯತೆ ತಮಗೈತೆ ಅಂತ ಅವರಿಗೇ ಗೊತ್ತಿರ್ಬೇಕು ಬಿಡವ್ವ" ಎಂದು ನೇತ್ರಾವತಿ ಎರಡು ಹೊತ್ತಿನ ಊಟ ಒಂದೇ ಹೊತ್ತಿಗೆ ಉಂಡಳು.

ಕಲಿಸಲು ಜಾಗ ಸಿಗದೆ ಅಲೆಯುತ್ತಿದ್ದಾಗ ಕರೆದು ಕಣ ಕೊಟ್ಟವರು ಇದೇ ಸುಬ್ಬಯ್ಯ. ಅದನ್ನು ಅವಳು ಯಾವತ್ತೂ ಮರೆಯಲಿಲ್ಲ, ಮರೆಯುವವಳೂ ಅಲ್ಲ. ನುಣ್ಣನೆಯ ಸಿಮೆಂಟಿನ ದೊಡ್ಡ ಕಾಫಿ ಕಣ. ಬಾಡಿಗೆ ಬೇಡ, ನನ್ನ ಮಗಳಿಗೂ ಕಲಿಸಿದರೆ ಸಾಕು ಎಂದಿದ್ದರು. ಕಾಫಿ ಒಣಗುವ ತಿಂಗಳುಗಳಲ್ಲೂ ಶನಿವಾರ ಭಾನುವಾರ ಅರ್ಧ ಕಣ ಖಾಲಿ ಬಿಡಿಸುತ್ತಿದ್ದರು. ಮೊದಲ ವರ್ಷ ಕಲಿಯಲು ಬಂದವರು ತೋಟದ ಮನೆಗಳ, ಅಂಗಡಿಗಳ ಮಕ್ಕಳು. ತೋಟದ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಮಕ್ಕಳು ಕಾಫಿ ಗಿಡಗಳ ಮರೆಯಲ್ಲಿ ನಿಂತು ನೋಡುತ್ತಿದ್ದವು. ಅವರಲ್ಲಿ ಒಬ್ಬಳು ಮಾತ್ರ ನೋಡಿ ಸುಮ್ಮನಾಗದೆ ಅಲ್ಲೇ ಗಿಡಗಳ ನಡುವೆ ಕಾಲೆತ್ತುತ್ತಿದ್ದಳು. ಅವಳು ಒದ್ದಾಗ ಗಿಡದ ತುದಿಯ ಎಲೆ ಉದುರುತ್ತಿತ್ತು. ನೇತ್ರಾವತಿ ಅವಳನ್ನು ಕರೆದು ಹಿಂದಿನ ಸಾಲಿನಲ್ಲಿ ನಿಲ್ಲಿಸಿದಳು, ಅವಳ ಹಿಂದೆ ಇನ್ನೂ ಆರು ಮಕ್ಕಳು ಬಂದವು. ಅವಳೇ ಗಂಗಾಮಣಿ, ಕಣದಲ್ಲಿ ಕಾಫಿ ತಿರುವುವ ಮುನಿಯಮ್ಮನ ಮಗಳು.

ಹಿಂದೆ ನಿಂತಿರುವಷ್ಟು ಕಾಲ ಯಾರ ತಕರಾರೂ ಇರಲಿಲ್ಲ. ಆದರೆ ಪರೀಕ್ಷೆಯಿಂದ ಪರೀಕ್ಷೆಗೆ ಆ ಹುಡುಗಿ ಒಂದೊಂದೇ ಸಾಲು ದಾಟಿ ಮುಂದೆ ಬಂದಳು. ಚೈತ್ರಶ್ರೀ ಕೆಟ್ಟ ಹುಡುಗಿಯಲ್ಲ, ಸ್ವಲ್ಪ ಸೋಮಾರಿ. ಬೆಳಿಗ್ಗೆ ಏಳಲು ಆಗದೆ ಹಳದಿಯಲ್ಲೇ ಉಳಿದಿದ್ದಳು. ಡಿಸೆಂಬರಿನ ಒಂದು ಸಂಜೆ ಜಗಲಿಯಲ್ಲಿ ಕುಳಿತಿದ್ದ ಸುಬ್ಬಯ್ಯನವರ ಕಣ್ಣಿಗೆ ಸಾಲುಗಳು ಬಿದ್ದವು. ಅಲ್ಲಿಂದ ಅವರ ನಿದ್ದೆ ಕೆಟ್ಟಿತು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ನೇತ್ರಾವತಿ ವೀರಭದ್ರಯ್ಯನವರನ್ನು ಬಾಳ್ಳುಪೇಟೆಯಲ್ಲಿ ಬಸ್ಸಿಳಿಸಿಕೊಂಡು ಬಾಡಿಗೆ ಜೀಪಿನಲ್ಲಿ ಕರೆತಂದಳು. ವರ್ಷಕ್ಕೆ ಒಮ್ಮೆ ಬರುವ ಪರೀಕ್ಷಕರು ಅವರು. ಇವತ್ತು ಪಾಸಾದರೆ ಗಂಗಾಮಣಿಗೆ ಕೆಂಪು ಬೆಲ್ಟು, ಮುಂದಿನ ತಿಂಗಳು ಜಿಲ್ಲೆಯ ಆಯ್ಕೆಗೆ ಹೆಸರು. ತಪ್ಪಿದರೆ ಇನ್ನೊಂದು ವರ್ಷ. ಹದಿನೈದು ತುಂಬಿದ ಲೈನಿನ ಹುಡುಗಿಗೆ ಇನ್ನೊಂದು ವರ್ಷ ಅಂದರೆ ಕಾಫಿ ಕೊಯ್ಲಿನ ಬುಟ್ಟಿಯೇ ಗತಿ ಎಂದು ಎಲ್ಲರಿಗೂ ಗೊತ್ತಿತ್ತು.

ಗೇಟಿನ ಒಳಗೆ ಬಂದ ನೇತ್ರಾವತಿ ನಿಂತುಬಿಟ್ಟಳು. ಕಣದ ಈ ತುದಿಯಿಂದ ಆ ತುದಿಯವರೆಗೆ, ಒಂದು ಕಾಲಿಡಲೂ ಜಾಗವಿಲ್ಲದಂತೆ ಕಾಫಿ ಹರಡಿತ್ತು. ಎಂಟು ಹೆಂಗಸರು ಬರಿಗಾಲನ್ನು ಎಳೆದೆಳೆದು ಅದನ್ನು ತಿರುವುತ್ತಿದ್ದರು. ಮುನಿಯಮ್ಮ ತಲೆ ಎತ್ತಲಿಲ್ಲ. ಬಿಳಿ ಬಟ್ಟೆ ತೊಟ್ಟ ಇಪ್ಪತ್ತಮೂರು ಮಕ್ಕಳು ಕಣದ ಬದಿಯ ಕಾಫಿ ಸ್ಟೋರಿನ ಗೋಡೆಗೆ ಒರಗಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದವು. ಇಪ್ಪತ್ತನಾಲ್ಕನೆಯವಳಾದ ಚೈತ್ರಶ್ರೀ ಜಗಲಿಯಲ್ಲಿ, ಅಪ್ಪನ ಅತಿಥಿಗಳ ಕುರ್ಚಿಗಳ ಪಕ್ಕದಲ್ಲಿ ನಿಂತಿದ್ದಳು.

"ಬಿಸ್ಲು ಚೆನ್ನಾಗೈತೆ, ಹರಡಿಸ್ಬುಟ್ಟೆ," ಅಂದರು ಸುಬ್ಬಯ್ಯ, ಅತಿಥಿಗಳಿಗೂ ಕೇಳುವ ಹಾಗೆ. ಆಮೇಲೆ ಮೆಟ್ಟಿಲಿಳಿದು ಬಂದು ದನಿ ತಗ್ಗಿಸಿದರು. "ಸಾಲು ಬದಲಾಯ್ಸು. ಹತ್ತು ನಿಮಿಷದಲ್ಲಿ ಅರ್ಧ ಕಣ ಖಾಲಿ ಮಾಡಿಸ್ತೀನಿ."

"ಇಲ್ಲ ಸಾರ್."

"ನಿಮ್ಮ ಗುರುಗಳ ಮುಂದೆ ನಗೆಪಾಟಲು ಮಾಡ್ಕತೀಯ?"

"ಸಾಲು ಬದಲಾಯ್ಸಿದ್ರೆ ಅದು ನಗೆಪಾಟಲು," ಎಂದು ನೇತ್ರಾವತಿ ಮಕ್ಕಳ ಕಡೆ ತಿರುಗಿದಳು. "ಎಲ್ಲರೂ ರಸ್ತೆಗೆ ಬನ್ನಿ. ಬೆಲ್ಟ್ ಪ್ರಕಾರ ನಿಂತ್ಕಳಿ."

ಗೇಟಿನಾಚೆ ತೋಟದ ರಸ್ತೆ ಇಳಿಜಾರು, ಜೀಪಿನ ಚಕ್ರ ಕಿತ್ತ ಜಲ್ಲಿ. ಬರಿಗಾಲಿನ ಮಕ್ಕಳು ಕುಂಟುತ್ತಾ ಸಾಲು ಕಟ್ಟಿದವು. ವೀರಭದ್ರಯ್ಯನವರು ಬಗ್ಗಿ ಒಂದು ಕಲ್ಲನ್ನು ಎತ್ತಿ ನೋಡಿ ಪಕ್ಕಕ್ಕೆ ಎಸೆದರು.

"ಇದರ ಮೇಲೆ ನಾನು ಒದೆಸೋದಿಲ್ಲ ನೇತ್ರಾ. ಮಕ್ಕಳ ಕಾಲು ಹೋಗುತ್ತೆ. ಐದು ಗಂಟೆ ಬಸ್ಸಿಗೆ ನಾನು ವಾಪಸ್ ಹೋಗ್ಬೇಕು. ನಾಲ್ಕರೊಳಗೆ ಜಾಗ ತೋರಿಸಿದ್ರೆ ಸರಿ."

ಅವರು ಹೇಳಿದ್ದು ನ್ಯಾಯವೇ. ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು. ಬೆಳಗೋಡಿನ ಶಾಲೆಯ ಮೈದಾನಕ್ಕೆ ಇಷ್ಟು ಮಕ್ಕಳನ್ನು ಸಾಗಿಸಲು ಜೀಪು ಒಂದೇ, ಅದೂ ಹೊರಟುಹೋಗಿತ್ತು. ಅವಳು ಬೆಲ್ಟು ಬಿಚ್ಚಿ ಕಟ್ಟುತ್ತಿರುವಾಗ ಗಂಗಾಮಣಿ ಮುಂದಿನ ಸಾಲಿನಿಂದ ಹೊರಬಂದು ಪಕ್ಕದಲ್ಲಿ ನಿಂತಳು.

"ಮಿಸ್, ನಾನು ಹಿಂದಕ್ಕೆ ನಿಂತ್ಕತೀನಿ. ಎಲ್ರದೂ ಪರೀಕ್ಷೆ ಆಗ್ಲಿ. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದವಳು ತನ್ನ ನೀಲಿ ಬೆಲ್ಟಿನ ತುದಿಯನ್ನು ಬಿಡದೆ ಹಿಡಿದಿದ್ದಳು. ನೇತ್ರಾವತಿಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು.

"ನಿನ್ನ ಜಾಗ ನಾನು ಕೊಟ್ಟಿದ್ದಲ್ಲ ಕಣೇ, ವಾಪಸ್ ತಗಳ್ಳಾಕೆ. ಬೆಳಗಿನ ಚಳೀಲಿ ಎದ್ದು ನೀನೇ ತಗಂಡಿದ್ದು. ನೀನು ಹಿಂದಕ್ಕೆ ಹೋದ್ರೆ ನಾನು ಈ ಬೆಲ್ಟ್ ಬಿಚ್ಚಿ ಈ ಗೇಟಿಗೇ ಕಟ್ಟಿ ಹೋಗ್ತೀನಿ. ನಡಿ, ನಿನ್ನ ಜಾಗದಲ್ಲಿ ನಿಂತ್ಕ."

ಗಂಗಾಮಣಿ ಹೋಗಿ ನಿಂತಳು. ನೇತ್ರಾವತಿ ಗೇಟಿನ ಕಂಬಿ ಹಿಡಿದು ಕಣದ ಕಡೆ ನೋಡಿದಳು. ಏನು ಮಾಡಬೇಕೆಂದು ಅವಳಿಗೆ ನಿಜವಾಗಿಯೂ ಹೊಳೆಯಲಿಲ್ಲ.

ಸ್ಟೋರಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಎರಡು ಸಾಲು ಬರೆದಿತ್ತು. ಎರಡು ವರ್ಷದ ಹಿಂದೆ ಜನವರಿಯಲ್ಲಿ ಅಕಾಲ ಮಳೆ ಬಂದು ಕಣದ ಕಾಫಿಯೆಲ್ಲ ನೆನೆದು ಹೋದಾಗ ಸುಬ್ಬಯ್ಯನವರು ಸ್ವಂತ ಕೈಯಿಂದ ಬರೆದದ್ದು ಅದು. ಆಗ ಮೋಡ ಕಂಡ ಹೆಂಗಸರು ತೋಟದ ಲೆಕ್ಕ ಬರೆಯುವ ರೈಟರ ಅಪ್ಪಣೆಗೆ ಕಾದಿದ್ದರು, ರೈಟರ್ ಯಜಮಾನರ ಅಪ್ಪಣೆಗೆ ಕಾದಿದ್ದ, ಯಜಮಾನರು ಸಕಲೇಶಪುರದಲ್ಲಿ ಮದುವೆ ಊಟಕ್ಕೆ ಕುಳಿತಿದ್ದರು. ಅಂದಿನಿಂದ ತೋಟದಲ್ಲಿ ಇದೇ ಕಾನೂನು: "ಮೋಡ ಕಂಡವರು ಯಾರೇ ಆಗಲಿ ಕೂಗತಕ್ಕದ್ದು. ಕೂಗಿದೊಡನೆ ಯಾರನ್ನೂ ಕೇಳದೆ ರಾಶಿ ಮಾಡತಕ್ಕದ್ದು." ಮೋಡ ಸುಳ್ಳಾದರೂ ಕೂಗಿದವರನ್ನು ಬೈಯುವಂತಿಲ್ಲ ಎಂಬುದನ್ನು ಬರೆದಿರಲಿಲ್ಲ, ಆದರೆ ಬಾಯಿಮಾತಿನಲ್ಲಿ ಅದೂ ಸೇರಿತ್ತು. ಬೈದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲವಲ್ಲ.

ಅಷ್ಟರಲ್ಲಿ ಚೈತ್ರಶ್ರೀ ಜಗಲಿಯ ಮೆಟ್ಟಿಲಿಳಿದಳು. ಅಪ್ಪ ಅತಿಥಿಗಳಿಗೆ ಮೆಣಸಿನ ಬಳ್ಳಿಯ ವಿಷಯ ಹೇಳುತ್ತಿದ್ದರು. ಹುಡುಗಿ ಕಣದ ಅಂಚಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ಒಂದಷ್ಟು ಹೊತ್ತು ಆಕಾಶ ನೋಡಿದಳು. ಅಲ್ಲಿ ಒಂದು ಹತ್ತಿಯ ಎಳೆಯಷ್ಟೂ ಬಿಳುಪಿರಲಿಲ್ಲ.

"ಮೋಡ," ಅಂದಳು. ಮೊದಲ ಸಲ ಸಣ್ಣಗೆ. ಆಮೇಲೆ, ಒದೆಯುವಾಗ ನೇತ್ರಾವತಿ ಹೊಟ್ಟೆಯಿಂದ ಕೂಗಲು ಕಲಿಸಿದ್ದಳಲ್ಲ, ಹಾಗೆ ಕೂಗಿದಳು. "ಮೋಡ ಬಂತು."

ಎಂಟು ಹೆಂಗಸರೂ ನಿಂತರು. ಮುನಿಯಮ್ಮ ಕತ್ತೆತ್ತಿ ನೀಲಿ ಆಕಾಶವನ್ನು ಪೂರ್ವದಿಂದ ಪಶ್ಚಿಮದವರೆಗೆ ನಿಧಾನವಾಗಿ ನೋಡಿದಳು. ಆಮೇಲೆ ಗೇಟಿನಾಚೆ ಜಲ್ಲಿಯ ಮೇಲೆ ನಿಂತ ಮಗಳನ್ನು ನೋಡಿದಳು.

"ಹೂ ಕಣವ್ವ," ಅಂದಳು. "ಐತೆ. ದೊಡ್ದೇ ಐತೆ. ಎಳೀರೇ ಟಾರ್ಪಾಲು."

ಅಷ್ಟು ಬೇಗ ಕಾಫಿ ರಾಶಿಯಾದದ್ದನ್ನು ಆ ತೋಟ ಯಾವ ಮಳೆಗೂ ಕಂಡಿರಲಿಲ್ಲ. ಹೆಂಗಸರು ಹಲಗೆ ಹಿಡಿದು ತಳ್ಳಿದರು, ಸೆರಗು ಬಿಗಿದು ಗುಡಿಸಿದರು. ಮಕ್ಕಳು ಗೇಟು ನೂಕಿಕೊಂಡು ಒಳನುಗ್ಗಿ ಬೊಗಸೆಯಲ್ಲಿ ತುಂಬಿ ಹಾಕಿದವು. ರೈಟರ್ ಸ್ಟೋರಿನಿಂದ ಓಡಿ ಬಂದು ಆಕಾಶ ನೋಡಿದ, ಗೋಡೆ ನೋಡಿದ, ಆಮೇಲೆ ತಾನೂ ಟಾರ್ಪಾಲಿನ ಒಂದು ತುದಿ ಹಿಡಿದ. ನೋಡನೋಡುತ್ತಿದ್ದಂತೆ ಮೂಲೆಯಲ್ಲಿ ಮೂರು ರಾಶಿಗಳಾಗಿ, ಸಿಮೆಂಟು ಗುಡಿಸಿಟ್ಟ ಹಾಗೆ ಖಾಲಿಯಾಯಿತು. "ಮೂರು ಗಂಟೆ ಆಗ್ತಾ ಬಂತು, ನಿಲ್ಲಿ," ಅಂದರು ವೀರಭದ್ರಯ್ಯ. ಮಕ್ಕಳು ಸಾಲಾಗಿ ನಿಂತವು. ಚೈತ್ರಶ್ರೀ ಓಡಿಹೋಗಿ ಮೂರನೆಯ ಸಾಲಿನಲ್ಲಿ ತನ್ನ ಜಾಗ ಹಿಡಿದಳು.

ಸುಬ್ಬಯ್ಯನವರು ಕಣದ ನಡುವಿಗೆ ಬಂದರು. ಮುಖ ಕೆಂಡವಾಗಿತ್ತು.

"ಎಲ್ಲೈತೆ ಮೋಡ? ಯಾರು ಕೂಗಿದ್ದು?" ಅವರ ಕಣ್ಣು ನೇರ ಮುನಿಯಮ್ಮನ ಮೇಲೆ ಹೋಯಿತು. ಮುನಿಯಮ್ಮ ಸೀರೆಯ ನೆರಿಗೆಯಿಂದ ಕಾಫಿ ಕಾಳು ಆರಿಸಿ ರಾಶಿಗೆ ಹಾಕುತ್ತಿದ್ದಳು.

"ನಾನು ಕಣಪ್ಪ," ಅಂದಳು ಚೈತ್ರಶ್ರೀ ಮೂರನೆಯ ಸಾಲಿನಿಂದ. "ನಂಗೆ ಕಂಡಂಗಾಯ್ತು."

ಜಗಲಿಯಲ್ಲಿ ಯಾರೋ ಒಬ್ಬ ಅತಿಥಿ ನಕ್ಕು, ಕೆಮ್ಮಿದಂತೆ ಮಾಡಿದರು. ಸುಬ್ಬಯ್ಯನವರು ತಾವೇ ಬರೆದ ಗೋಡೆಯ ಕಡೆ ಒಮ್ಮೆ ನೋಡಿದರು. ಅಲ್ಲಿ ಯಾರೇ ಆಗಲಿ ಎಂದಿತ್ತು.

"ಬಾ ಇಲ್ಲಿ. ಮುಂದಕ್ಕೆ ಬಂದು ನಿಂತ್ಕ."

"ನನ್ನ ಜಾಗ ಇದು," ಅಂದಳು ಹುಡುಗಿ. ದನಿ ಒಡೆದಿತ್ತು, ಕಾಲು ಕದಲಲಿಲ್ಲ.

ಸುಬ್ಬಯ್ಯ ನೇತ್ರಾವತಿಯ ಕಡೆ ತಿರುಗಿದರು. "ನಾಳೆಯಿಂದ ಈ ಕಣಕ್ಕೆ ನೀನು ಕಾಲಿಡಂಗಿಲ್ಲ."

ಅವರು ಸುಮ್ಮನೆ ಹೇಳುವವರಲ್ಲ ಎಂದು ಅವಳಿಗೆ ಗೊತ್ತಿತ್ತು. ನಾಳೆ ಮತ್ತೆ ಜಾಗ ಹುಡುಕಬೇಕು, ಮತ್ತೆ ಬಾಗಿಲು ಬಾಗಿಲು ತಟ್ಟಬೇಕು, ಸಿಗದಿದ್ದರೆ ಅಪ್ಪನ ಅಂಗಡಿಯ ಹಿಂದಿನ ಅಂಗಳದಲ್ಲಿ ಮೂಟೆಗಳ ಮಧ್ಯೆ ಕಲಿಸಬೇಕು. ಕಲಿಸುತ್ತಾಳೆ. ಅವಳಿಗೆ ವಿಚಿತ್ರವಾದ ಹಗುರ ಅನ್ನಿಸಿತು, ಬಹಳ ದಿನದಿಂದ ಹೊತ್ತಿದ್ದ ಉಪಕಾರ ಇಳಿದಂತೆ.

"ಆಗ್ಲಿ ಸಾರ್, ನಾಳೆ ಇಡಲ್ಲ," ಅಂದಳು. "ನಾಲ್ಕು ವರ್ಷ ಕಣ ಕೊಟ್ರಿ, ಅದು ಸಾಯೋವರ್ಗೂ ನೆಪ್ಪಿರುತ್ತೆ. ಈಗ ಸ್ವಲ್ಪ ಪಕ್ಕಕ್ಕೆ ಬನ್ನಿ. ಪರೀಕ್ಷೆ ಶುರುವಾಗ್ಬೇಕು."

ತಮ್ಮದೇ ಕಣದಿಂದ ಪಕ್ಕಕ್ಕೆ ಸರಿಯಲು ಯಾರೂ ಅವರಿಗೆ ಹೇಳಿದ್ದಿಲ್ಲ. ಮುಂದೆ ಇಪ್ಪತ್ತನಾಲ್ಕು ಮಕ್ಕಳು ನೆಟ್ಟಗೆ ನಿಂತು ಕಾಯುತ್ತಿದ್ದವು, ಅವರಲ್ಲಿ ಒಬ್ಬಳು ತಮ್ಮವಳು. ಸುಬ್ಬಯ್ಯನವರು ಪಂಚೆ ಎತ್ತಿಕಟ್ಟಿ ರಾಶಿಗಳ ಪಕ್ಕಕ್ಕೆ, ಮುನಿಯಮ್ಮ ನಿಂತಿದ್ದ ಕಡೆಗೇ ಹೋಗಿ ನಿಂತರು. ಅದು ಬಿಟ್ಟರೆ ಕಣದಲ್ಲಿ ಬೇರೆಲ್ಲೂ ಜಾಗವಿರಲಿಲ್ಲ.

ನೇತ್ರಾವತಿ ಮುಂದಿನ ಸಾಲಿನ ಬಲತುದಿಯ ಕಡೆ ನೋಡಿ ತಲೆಯಾಡಿಸಿದಳು. ಗಂಗಾಮಣಿ "ಚಾರ್ಯೋತ್" ಎಂದು ಸಾವಧಾನದ ಆಜ್ಞೆ ಕೂಗಿದ್ದು ಕಣ ದಾಟಿ, ಸ್ಟೋರು ದಾಟಿ, ಲೈನಿನ ಕೊನೆಯ ಮನೆಯವರೆಗೂ ಕೇಳಿಸಿತು. ಎಲ್ಲರ ಹಿಮ್ಮಡಿಗಳೂ ಒಟ್ಟಿಗೆ ಕೂಡಿದವು. ಅವಳ ಎರಡನೆಯ ಕೂಗಿಗೆ ಇಪ್ಪತ್ತನಾಲ್ಕು ತಲೆಗಳೂ ಒಟ್ಟಿಗೆ ಬಾಗಿದವು, ಅವಳದೂ ಚೈತ್ರಶ್ರೀಯದೂ ಒಂದೇ ಎತ್ತರಕ್ಕೆ.