ಹಳೆಯ ಪೋಸ್ಟ್‌ಗಳನ್ನೂ ತರಲೇ?

ಫರ್ಹೀನ್‌ಗೆ ಬೆಳಗಿನಿಂದ ತಲೆ ಕೆಟ್ಟುಹೋಗಿತ್ತು. ರಾಯಚೂರಿನ ಆಸ್ಪತ್ರೆಗಳಲ್ಲಿ ಯಾರಿಗಾದರೂ ರಕ್ತ ಬೇಕಾದರೆ ಅವಳು ನಡೆಸುವ ಫೇಸ್‌ಬುಕ್ ಪುಟದಲ್ಲಿ ಬರೆಯುತ್ತಾರೆ. ಕೊಡುವವರು ಹೆಚ್ಚಾಗಿ ಮಾನ್ವಿ, ದೇವದುರ್ಗದ ಕಡೆಯವರು. ಗದ್ದೆಯಲ್ಲೋ ಅಂಗಡಿಯಲ್ಲೋ ಇರುವ ಅವರು ಫೇಸ್‌ಬುಕ್ ತೆರೆಯುವುದು ಯಾವಾಗಲೋ. ಹೋದ ವರ್ಷ ಮಾನ್ವಿಯ ಕಲ್ಯಾಣಿ ಎಂಬ ಬಾಣಂತಿ ಓ ನೆಗೆಟಿವ್ ರಕ್ತ ಸಿಗದೆ ತೀರಿಕೊಂಡಳು. ಅವಳಿಗಾಗಿ ಹಾಕಿದ ಪೋಸ್ಟು ಹೊತ್ತಿಗೆ ಸರಿಯಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಂಥದ್ದು ಇನ್ನೊಮ್ಮೆ ಆಗಬಾರದೆಂದೇ ಕಂಪ್ಯೂಟರಿಗೆ ಈ ಟೂಲ್ ಹಾಕಿಸಿದ್ದಳು. ಪುಟದ ಪೋಸ್ಟುಗಳನ್ನು ತಾನೇ ಎಳೆದುಕೊಂಡು, ಯಾರೂ ಮುಟ್ಟದಿದ್ದರೂ ತನ್ನಷ್ಟಕ್ಕೆ ಕೆಲಸ ಮಾಡುತ್ತಾ, ರಕ್ತ ಕೊಡಲು ಹೆಸರು ಕೊಟ್ಟ ಎಲ್ಲರ ಫೋನಿಗೂ ಅದು ಮೆಸೇಜ್ ಕಳಿಸಬೇಕು.

ಕಳಿಸಿದರೆ ತಾನೇ! ಪಾಸ್‌ವರ್ಡ್ ತಪ್ಪು ಎಂದಿತು. ಸರಿ ಮಾಡಿದರೆ ಅನುಮತಿ ಇಲ್ಲ ಎಂದಿತು. ಅನುಮತಿ ಕೊಟ್ಟರೆ 'ಹೊಸ ಪೋಸ್ಟ್ ಸಿಗಲಿಲ್ಲ' ಎಂದು ಹಲ್ಲು ಕಿರಿಯಿತು. ಟೂಲ್ ಹಾಕಿಕೊಟ್ಟ ತಮ್ಮ ನಯೀಮ್‌ನನ್ನು ಕೇಳಿದರೆ, ಒಮ್ಮೆ ಬಂದ್ ಮಾಡಿ ಚಾಲೂ ಮಾಡು ಎಂದ. ಜಗತ್ತಿನ ಸಕಲ ರೋಗಕ್ಕೂ ಅವನ ಹತ್ತಿರ ಅದೊಂದೇ ಮದ್ದು. ಕೊನೆಗೆ ರೇಗಿಹೋಗಿ, ಕಣ್ಣಿಗೆ ಬಿದ್ದ ಚೌಕಗಳಿಗೆಲ್ಲ ಟಿಕ್ ಹೊಡೆದಳು. 'ಹಳೆಯ ಪೋಸ್ಟ್‌ಗಳನ್ನೂ ತರಲೇ?' ಎಂಬುದಕ್ಕೂ. ತಾ, ಏನು ಸುಡುಗಾಡಾದರೂ ತಾ ಎಂದು ಬೈದು, ಅನ್ನಕ್ಕಿಡಲು ಎದ್ದಳು.

ಕುಕ್ಕರಿಗಿಂತ ಮೊದಲು ಫೋನ್ ಕೂಗಿತು. ದೇವದುರ್ಗದ ಪಂಪಾಪತಿ, ಈ ವರ್ಷ ಹೊಸದಾಗಿ ಹೆಸರು ಕೊಟ್ಟವನು.

"ಮೇಡಂ, ಮೆಸೇಜ್ ಬಂತ್ರೀ. ಬಸ್ ಹತ್ತೀನಿ. ನಂದು ಓ ನೆಗೆಟಿವ್ ಅದ."

ಟೂಲ್ ಕೆಲಸ ಮಾಡಿತ್ತು! ಫರ್ಹೀನ್‌ಗೆ ಕುಣಿಯುವಷ್ಟು ಖುಷಿ. "ಯಾರಿಗ್ರೀ ಬೇಕಾಗ್ಯಾದ?"

"ಯಾರೋ ಕಲ್ಯಾಣಿ ಅಂತರೀ. ಹೆರಿಗಿ ಆಗ್ಯಾದಂತ. ಮೆಸೇಜಿನಾಗಿದ್ದ ಆಕಿ ಅವ್ವನ ನಂಬರಿಗೂ ಹಚ್ಚಿದ್ದೆ, ಬರೇ ಎಂಗೇಜ್ ಬರಾಕತ್ತದ."

ಫರ್ಹೀನ್ ಅವನಿಗೆ ಬಸ್ಸಿನಿಂದ ಇಳಿಯಲು ಹೇಳಿ ಕಂಪ್ಯೂಟರಿನ ಹತ್ತಿರ ಓಡಿದಳು. ಟಿಕ್ ಹೊಡೆದದ್ದಕ್ಕೆ ಕಲ್ಯಾಣಿಯ ಹೋದ ವರ್ಷದ ಪೋಸ್ಟು ಇವತ್ತಿನ ತಾರೀಖಿನಲ್ಲಿ ಎಲ್ಲರಿಗೂ ಹೋಗುತ್ತಿತ್ತು. ನಿಲ್ಲಿಸು ಎಂದು ಒತ್ತಿದರೆ 'ಕೆಲಸ ನಡೆಯುತ್ತಿದೆ, ದಯವಿಟ್ಟು ಕಾಯಿರಿ.' ಬೆಳಗಿನಿಂದ ಗೋಗರೆದರೂ ಅಲುಗದ ದರಿದ್ರ ಈಗ ನಿಲ್ಲಲೊಲ್ಲದು. ವೈರನ್ನೇ ಕಿತ್ತಳು.

ಕಲ್ಯಾಣಿಯ ತಾಯಿ ಹುಲಗೆಮ್ಮನ ಫೋನ್ ಬಹಳ ಹೊತ್ತಿನ ಮೇಲೆ ಸಿಕ್ಕಿತು.

"ಯವ್ವಾ, ನಾ ಫರ್ಹೀನ್, ರಕ್ತದ ಪೇಜ್ ನಡಸಾಕಿ. ನನ್ನಿಂದ ದೊಡ್ಡ ತಪ್ಪಾಗ್ಯಾದ..."

ಹುಲಗೆಮ್ಮ ಬೈಯಲಿಲ್ಲ. "ಒಂದೇ ಸವನ ಫೋನ್ ಬರಾಕತ್ತಾವ ನೋಡವ್ವಾ. ಒಬ್ಬಾಂವ ಕವಿತಾಳದಾಗ ಅದೀನಿ ಅಂತಾನ, ಇನ್ನೊಬ್ಬಾಂವ ಗಾಡಿ ಮ್ಯಾಲೆ ಹೊಂಟೀನಿ ಅಂತಾನ. ಸತ್ತಾಳಪ್ಪಾ, ಸತ್ತಾಳ ಅಂತ ಹೇಳಿ ಹೇಳಿ ಬಾಯಿ ಒಣಗ್ಯಾದ." "ಇಷ್ಟ್ ಮಂದಿ ಇದ್ರೇನವ್ವಾ? ಅವತ್ತ ಎಲ್ಲಿದ್ರು?"

ಎಲ್ಲಿದ್ದರು? ಇಲ್ಲೇ ಇದ್ದರು. ಕೂಗಿ ಕರೆದಿದ್ದರೆ ಅವತ್ತೂ ಹೀಗೇ ಬಸ್ಸು ಹತ್ತುತ್ತಿದ್ದರು.

"ತಡಿಯವ್ವಾ," ಎಂದಳು ಹುಲಗೆಮ್ಮ. "ಮತ್ತೊಂದು ಬರಾಕತ್ತದ. ಅವ್ರಿಗೂ ಹೇಳ್ತೀನಿ."