ಬಿಡಿ ಹೂವಿನ ಅಲಸಂದೆ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಪ್ಪತ್ತು ವರ್ಷದಿಂದ ಹೂ ಕಟ್ಟಿ ಮಾರುತ್ತಿದ್ದ ನೀಲಗಂಗಮ್ಮನಿಗೆ ೧೯೯೮ರ ಆಷಾಢದಲ್ಲಿ ವಿಚಿತ್ರವಾದ ಕೆಲಸವೊಂದು ಬಂತು. ಮದುವೆಗಳಿಲ್ಲದೆ ವ್ಯಾಪಾರ ಮಂಕಾಗಿತ್ತು. ದಿನವೂ ಮಲ್ಲಿಗೆ ಕೊಳ್ಳುತ್ತಿದ್ದ ಸಂಗೀತಾ ಬಂದು ನಿಂತಳು. ಬೆಳೆಗೆ ಬೀಳುವ ಹುಳಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ ಆಕೆ.

"ಆಂಟಿ, ನಿಮ್ಮ ಕೈಯಲ್ಲಿ ಅಲಸಂದೆ ಹೂ ಕಟ್ಟಿಸಬೇಕು."

"ಅಲಸಂದೆ ಹೂ ಯಾವ ದೇವ್ರಿಗವ್ವ?"

"ದೇವ್ರಿಗಲ್ಲ, ಹುಳಕ್ಕೆ."

ಕೋಣನಕುಂಟೆಯ ಆಚೆ, ಬಾಡಿಗೆಗೆ ಹಿಡಿದ ತುಂಡು ಹೊಲದಲ್ಲಿ ಸಂಗೀತಾ ಎರಡು ಸಾಲು ತೋರಿಸಿದಳು. ಒಂದರಲ್ಲಿ ಹೂಗಳು ಎಲೆಗಳ ನಡುವೆ ಒತ್ತೊತ್ತಾಗಿ ಗೊಂಚಲುಗಟ್ಟಿದ್ದವು. ಕಾಯಿಕೊರಕ ಹುಳ ಅವನ್ನೆಲ್ಲ ನೂಲಿನಿಂದ ಹೆಣೆದುಕೊಂಡು ಒಳಗೆ ಮರೆಯಾಗಿ ಕೂತು ತಿನ್ನುತ್ತಿತ್ತು. ಪಕ್ಕದ ಸಾಲಿನದು ಬೇರೆ ತಳಿ. ಅದರ ಉದ್ದನೆಯ ತೊಟ್ಟುಗಳು ಎಲೆಗಳಿಗಿಂತ ಮೇಲೆದ್ದು, ಹೂಗಳು ದೂರದೂರ ನಿಂತಿದ್ದವು. ಅಲ್ಲಿ ಹುಳದ ಕಾಟ ಅಷ್ಟಾಗಿ ಇರಲಿಲ್ಲ.

"ಹೂ ಬಿಡಿಬಿಡಿಯಾಗಿರೋದ್ರಿಂದ ಹುಳಕ್ಕೆ ಮರೆ ಸಿಗ್ತಿಲ್ಲ ಅಂತೀನಿ ನಾನು. ಗಿಡದ ರಸದಲ್ಲೇ ಏನೋ ಇದೆ ಅಂತಾರೆ ನಮ್ಮ ಪ್ರೊಫೆಸರ್. ಈ ಬಿಡಿ ತೊಟ್ಟುಗಳನ್ನ ಒಟ್ಟಿಗೆ ಕಟ್ಟಿ ನೋಡ್ಬೇಕು, ಆಗ ಹುಳ ಬಂದ್ರೆ ನನ್ನ ಮಾತೇ ಸರಿ. ನಾನು ಕಟ್ಟಿದ್ರೆ ಮೊಗ್ಗೆಲ್ಲ ಉದುರಿಹೋಗತ್ತೆ."

ನೀಲಗಂಗಮ್ಮ ಕುಕ್ಕರಗಾಲಲ್ಲಿ ಕೂತಳು. ಮೂರು ತೊಟ್ಟು, ಎರಡು ಎಲೆ ಸೇರಿಸಿ, ದಾರ ಸುತ್ತಿ ಬೆರಳ ತುದಿಯಲ್ಲೇ ಗಂಟು ಹಾಕಿದಳು. ಒಂದು ಮೊಗ್ಗೂ ಅಲುಗಲಿಲ್ಲ. ಹತ್ತು ಗಿಡ ಮುಗಿದ ಮೇಲೆ ಅವಳ ಕೈ ನಿಂತಿತು.

"ನಾಳೆ ಹುಳ ಬಂದ್ರೆ, ಅದು ದಾರದಿಂದ ಬಂತು ಅಂತ ಯಾರಾದ್ರೂ ಅಂದುಬಿಟ್ರೆ ಏನ್ಮಾಡ್ತೀಯ? ಇನ್ನೊಂದಷ್ಟು ಗಿಡಕ್ಕೆ ಬರೀ ದಾರ ಸುತ್ತಿ, ತೊಟ್ಟನ್ನ ಬಿಡಿಯಾಗೇ ಬಿಡ್ತೀನಿ. ಆಗ ಯಾರೂ ಬಾಯಿ ತೆಗೆಯೋ ಹಾಗಿಲ್ಲ."

ಸಂಗೀತಾ ಒಂದು ಕ್ಷಣ ಅವಳ ಮುಖವನ್ನೇ ನೋಡಿ, ನೋಟ್‌ಬುಕ್ ತೆಗೆದು ಬರೆದುಕೊಂಡಳು.

ಎರಡು ವಾರದ ಮೇಲೆ ಪ್ರೊಫೆಸರ್ ಪರಮಶಿವಯ್ಯ ಹೊಲಕ್ಕೆ ಬಂದರು. ಒಟ್ಟಿಗೆ ಕಟ್ಟಿದ ಗೊಂಚಲುಗಳನ್ನು ಒಂದೊಂದಾಗಿ ಬಿಡಿಸಿದರು. ಹೆಚ್ಚಿನವುಗಳಲ್ಲಿ ಹುಳ ಹೊರಳಾಡುತ್ತಿತ್ತು. ಬರೀ ದಾರ ಸುತ್ತಿದ ಗಿಡಗಳಲ್ಲಿ ಹುಡುಕಿದರೂ ಒಂದೋ ಎರಡೋ. ಅವರು ಕನ್ನಡಕ ಏರಿಸಿಕೊಂಡು ಒಂದು ಗಂಟನ್ನು ದಿಟ್ಟಿಸಿದರು.

"ತೊಟ್ಟಿಗೆ ಒಂದು ಗೀರೂ ಆಗಿಲ್ವಲ್ಲ. ಇದನ್ನ ಕಟ್ಟಿದ್ಯಾರು?"

ಇಪ್ಪತ್ತು ವರ್ಷದಲ್ಲಿ ಜನ ಅವಳನ್ನು ಮೊಳಕ್ಕೆ ಎಷ್ಟು ಎಂದು ಕೇಳಿದ್ದರೇ ಹೊರತು, ಕಟ್ಟಿದವರು ಯಾರು ಎಂದು ಯಾರೂ ಕೇಳಿರಲಿಲ್ಲ. ಬದುವಿನ ಮೇಲೆ ಕೂತಿದ್ದ ನೀಲಗಂಗಮ್ಮ ಎದ್ದು ಸೆರಗು ಸರಿಪಡಿಸಿಕೊಂಡಳು.

"ನಾನು ಸಾರ್. ಬರೀ ದಾರ ಸುತ್ತೋ ಯೋಚನೆನೂ ನಂದೇ."

"ಹೌದು ಸಾರ್," ಎಂದಳು ಸಂಗೀತಾ.

ಪರಮಶಿವಯ್ಯ ಈಗ ನೀಲಗಂಗಮ್ಮನ ಕಡೆಗೇ ತಿರುಗಿದರು. "ಮುಂದೆ ತೊಗರಿಯಲ್ಲೂ ಹೀಗೆ ಕಟ್ಟಿ ನೋಡ್ಬಹುದೇನಮ್ಮ?"

"ಮೊದ್ಲು ಹೂ ತೋರ್ಸಿ ಸಾರ್," ಎಂದಳು ನೀಲಗಂಗಮ್ಮ. "ನೋಡಿ ಹೇಳ್ತೀನಿ."